ಎರಡನೆಯದು ಕೊಟ್ಟರೆ ಸಾಕು

ವರ್ಲಿನ್ ಟ್ವೈಟ್ ಆಲ್ಮಾ ಫಾಲ್ಸ್ ಊರಿನ ಮೇಯರ್ ಆಗಲು ಹೊರಟಿದ್ದು ಆಗಸ್ಟ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೂ ಮುಂಚೆ. ಪುರಭವನಕ್ಕೆ ಹೋಗಿ, ಇಪ್ಪತ್ತು ಡಾಲರ್ ಕಟ್ಟಿ, ಅರ್ಜಿಗೆ ಸಹಿ ಹಾಕಿ, ಬರುವ ದಾರಿಯಲ್ಲಿ ಹೆಂಡತಿ ಹೇಳಿದ್ದ ಈರುಳ್ಳಿ, ಕೆನೆ ಎರಡನ್ನೂ ಮರೆಯದೆ ತಂದ.

"ಎಲ್ಲಿ ಹೋಗಿದ್ದೆ ಇಷ್ಟೊತ್ತು?" ಎಂದಳು ಆರ್ಡಿಸ್.

"ಮೇಯರ್ ಚುನಾವಣೆಗೆ ನಿಂತೆ."

"ಯಾರು?"

"ನಾನೇ."

ಆರ್ಡಿಸ್ ಗಂಡನ ಮುಖ ನೋಡಿದಳು. ಮೂವತ್ತಾರು ವರ್ಷದಿಂದ ನೋಡಿದ ಮುಖ. ಕಿವಿಯ ತುದಿ ಕೆಂಪಾಗಿತ್ತು, ಅಂದರೆ ಸುಳ್ಳಲ್ಲ. "ಕೆನೆ ತಂದ್ಯಾ?" ಎಂದು ಕೇಳಿ ಒಲೆಯ ಕಡೆ ತಿರುಗಿದಳು. ಬೇರೆ ಏನು ಕೇಳಬೇಕೋ ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ, ಪಾಪ.

ವರ್ಲಿನ್ ಮೂವತ್ತಮೂರು ವರ್ಷ ಊರಿನ ಹಿಮ ಗುಡಿಸುವ ಲಾರಿ ಓಡಿಸಿ ಆ ವಸಂತದಲ್ಲಿ ನಿವೃತ್ತನಾಗಿದ್ದ. ಸಾಧು ಮನುಷ್ಯ. ಬಾಗಿಲು ಹಿಡಿದು ನಿಂತರೆ ಹಿಂದೆ ಬರುವ ಇಪ್ಪತ್ತು ಜನವೂ ಒಳಗೆ ಹೋಗುವ ತನಕ ಹಿಡಿದೇ ಇರುವವನು. ಅಂಥವನಿಗೆ ಈ ಹುಚ್ಚು ಹಿಡಿಸಿದ್ದು ಲಿಂಡ್ ಪಾರ್ಕಿನ ಜಾರಾಟದ ಅಂಗಳ. ಡಿಸೆಂಬರ್ ಬಂದರೆ ಬಯಲಿಗೆ ನೀರು ಹಾಯಿಸಿ, ಅದು ಗಾಜಿನ ಹಾಗೆ ಹೆಪ್ಪುಗಟ್ಟಿದ ಮೇಲೆ ಮಕ್ಕಳನ್ನು ಬಿಡುವುದು ಆ ಊರಿನ ಪದ್ಧತಿ. ನೀರು ಹಾಯಿಸುತ್ತಿದ್ದವನು ವರ್ಲಿನ್ನೇ. ಈ ವರ್ಷದಿಂದ ಅಂಥ ನಾಲ್ಕು ಅಂಗಳ ರದ್ದು ಎಂದು ಮೇಯರ್ ಕ್ವಿಗ್ಲಿ ಹೇಳಿಬಿಟ್ಟ.

"ಮಕ್ಕಳು ಎಲ್ಲಿಗೆ ಹೋಗ್ಬೇಕು ಹೇಳು," ಎನ್ನುತ್ತ ವರ್ಲಿನ್ ಊಟದ ತಟ್ಟೆಯನ್ನು ಸುಮ್ಮನೆ ನೋಡುತ್ತಿದ್ದ. ಬೆಳ್ಳಗೆ ಹೊಳೆಯುವ ಆ ತಟ್ಟೆಯಲ್ಲಿ ಅವನಿಗೆ ಏನು ಕಾಣುತ್ತಿತ್ತೆಂದು ಆರ್ಡಿಸ್‌ಗೆ ಗೊತ್ತು. ಸಂಜೆಯ ನೀಲಿ ಬೆಳಕು, ಕೆಂಪು ಟೋಪಿಗಳು, ಸುತ್ತು ಸುತ್ತುವ ಮಕ್ಕಳು.

ಅವನ ತಾಯಿ ಬೋರ್ಗಿಲ್ಡ್, ಎಂಬತ್ತಾರು ವರ್ಷದವಳು, ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಹೆಣಿಗೆ ಕೆಳಗಿಟ್ಟಳು.

"ಟ್ವೈಟ್ ಮನೆತನದಲ್ಲಿ ಇದುವರೆಗೆ ಯಾರೂ ಎದ್ದು ನಿಂತು ಮಾತಾಡಿದ್ದಿಲ್ಲ."

"ನಾನು ಕೂತೇ ಮಾತಾಡ್ತೀನಮ್ಮ," ಎಂದ ವರ್ಲಿನ್.

*

ಆ ಊರಿನ ಮೇಯರ್ ಚುನಾವಣೆಯ ಲೆಕ್ಕ ಒಂದು ಥರ. ಚೀಟಿಯಲ್ಲಿ ಒಬ್ಬರಿಗಲ್ಲ, ಮೂವರಿಗೆ ಗುರುತು ಹಾಕಬೇಕು: ಮೊದಲನೆಯ ಆಯ್ಕೆ, ಎರಡನೆಯದು, ಮೂರನೆಯದು. ಮೊದಲನೆಯವರು ಸೋತು ಹೊರಬಿದ್ದರೆ ಆ ಓಟು ಎರಡನೆಯವರಿಗೆ ಹೋಗುತ್ತದೆ. ಆ ಸಲ ನಿಂತವರು ಹದಿನೇಳು ಜನ. ಎಲ್ಲರ ಅಂಗಳದಲ್ಲೂ ಮಳೆ ಬಿದ್ದ ಮಾರನೆಯ ದಿನದ ಅಣಬೆಗಳ ಹಾಗೆ ತಮಗೆ ಬೇಕಾದವರ ಹೆಸರಿನ ಫಲಕಗಳು ಎದ್ದವು. ವರ್ಲಿನ್ ಮಾತ್ರ ಫಲಕ ಮಾಡಿಸಲಿಲ್ಲ. ಬೆಳಗ್ಗೆ ಕಾಫಿ ಕುಡಿದು, ಒಗೆದ ಅಂಗಿ ಹಾಕಿಕೊಂಡು, ಮನೆ ಮನೆಗೆ ನಡೆದುಕೊಂಡೇ ಹೋದ. ಆಗಸ್ಟ್ ಮುಗಿಯಿತು, ಸೆಪ್ಟೆಂಬರ್ ಬಂತು, ಮೇಪಲ್ ಮರಗಳ ತುದಿ ಕೆಂಪಾಯಿತು, ಅವನು ನಡೆಯುತ್ತಲೇ ಇದ್ದ.

ಒಂದು ಶನಿವಾರ ಆರ್ಡಿಸ್ ಅವನ ಜೊತೆಗೆ ಹೋದಳು. ಅವನ ವರಸೆ ಅವಳು ಕಂಡಿದ್ದು ಅವತ್ತೇ. ಗಂಟೆ ಒತ್ತುತ್ತಾನೆ, ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಟೋಪಿ ತೆಗೆಯುತ್ತಾನೆ. "ನಾನು ವರ್ಲಿನ್ ಟ್ವೈಟ್. ಮೇಯರ್ ಚುನಾವಣೆಗೆ ನಿಂತಿದೀನಿ. ಈ ಮನೇಲಿ ನಿಮಗೇನು ಬೇಕಾಗಿತ್ತು?" ಎಂದು ಕೇಳುತ್ತಾನೆ. ಅವರು ಹೇಳುತ್ತಾರೆ: ಚರಂಡಿ, ಬೀದಿ ದೀಪ, ನಾಯಿ ಕಾಟ. ಅವನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕೊನೆಗೆ ಅವರ ಅಂಗಳದಲ್ಲಿರುವ ಇನ್ನೊಬ್ಬರ ಫಲಕದ ಕಡೆ ಕಣ್ಣು ಹಾಯಿಸಿ, "ನೋಡಿ, ನೀವು ಆಗಲೇ ಒಬ್ಬರಿಗೆ ಮಾತು ಕೊಟ್ಟಿದೀರಿ. ಅದನ್ನ ಮುರೀಬೇಡಿ. ನನಗೆ ಎರಡನೆಯದು ಕೊಟ್ಟರೆ ಸಾಕು" ಎನ್ನುತ್ತಾನೆ.

ಜನಕ್ಕೆ ಎಷ್ಟು ಹಿತವಾಯಿತೆಂದರೆ, ಹೆಂಗಸರು ಒಳಗೆ ಹೋಗಿ ರೂಬಾರ್ಬ್ ಕೇಕಿನ ತುಂಡು ಕಟ್ಟಿ ಕೊಟ್ಟರು. "ಖಂಡಿತ ವರ್ಲಿನ್, ಎರಡನೆಯದು ನಿಂದೇ" ಎಂದರು. ಬೇಡ ಎನ್ನುವುದು ಆ ಊರಿನವರ ಬಾಯಲ್ಲಿ ಬರುವ ಮಾತೇ ಅಲ್ಲ.

ತಮ್ಮದೇ ಬೀದಿಯ ಕೊನೆಯ ಮನೆಯ ಫರ್ಹಿಯಾ ಒಬ್ಬಳು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಸೋಮಾಲಿಯಾದಿಂದ ಬಂದು ಹದಿನಾಲ್ಕು ವರ್ಷ, ಓಟಿನ ಹಕ್ಕು ಸಿಕ್ಕಿ ನಾಲ್ಕು ತಿಂಗಳು.

"ಎರಡನೆಯದು ಯಾಕೆ?"

"ಅಲ್ಲ, ನೀವು ಬೇರೆ ಯಾರಿಗಾದ್ರೂ..."

"ಬೇರೆಯವರು ಯಾರೂ ನನ್ನ ಬಾಗಿಲಿಗೆ ಬಂದಿಲ್ಲ. ಬಂದವರು ನೀವು. ಬೇಕಾದ್ರೆ ಮೊದಲನೆಯದು ಕೇಳಿ, ವರ್ಲಿನ್ ಅವರೇ. ಬೇಡ ಅಂದ್ರೆ ಚುನಾವಣೆಗೆ ಯಾಕೆ ನಿಂತ್ರಿ?"

ವರ್ಲಿನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಕಿವಿ ಕೆಂಪಾಯಿತು. "ಅದು ನಿಮ್ಮಿಷ್ಟ" ಎಂದ, ಅಷ್ಟೆ. ಮನೆಗೆ ಬರುವ ತನಕ ಆರ್ಡಿಸ್ ನಗು ತಡೆದುಕೊಂಡಳು.

*

ಮಗಳು ಮಾರಿಟ್ ನದಿಯಾಚೆಯ ಪಟ್ಟಣದಲ್ಲಿ ಆಸ್ಪತ್ರೆಯ ಕೆಲಸದಲ್ಲಿದ್ದಳು. ಭಾನುವಾರದ ಊಟಕ್ಕೆ ಬರುತ್ತಿದ್ದಳು. ಅಕ್ಟೋಬರ್ ಮೊದಲ ವಾರ ಅವಳು ಕೋಟು ಬಿಚ್ಚುವ ಮೊದಲೇ ಶುರುಮಾಡಿದಳು.

"ಅಪ್ಪ, ನೀನು ಊರೆಲ್ಲ ಎರಡನೆಯದು ಕೊಡಿ ಅಂತ ಬೇಡ್ತಿದೀಯಂತೆ. ನಿಜವಾ?"

"ಕೂತ್ಕೋ, ಹಾಟ್‌ಡಿಶ್ ಆರಿಹೋಗತ್ತೆ," ಎಂದಳು ಬೋರ್ಗಿಲ್ಡ್. ಆರ್ಡಿಸ್ ಗಾಜಿನ ಅಗಲ ಪಾತ್ರೆಯನ್ನು ಮೇಜಿನ ನಡುವೆ ಇಟ್ಟಳು. ಕೆಳಗೆ ಖೈಮಾ, ಬೀನ್ಸು, ಮೇಲೆ ಹೊಂಬಣ್ಣಕ್ಕೆ ತಿರುಗಿದ ಆಲೂಗಡ್ಡೆ ಉಂಡೆಗಳ ಸಾಲು.

"ಅಜ್ಜಿ, ಒಂದ್ನಿಮಿಷ. ಅಪ್ಪ, ಸರಿಯಾಗಿ ಕೇಳು. ಮೊದಲ ಸುತ್ತಲ್ಲಿ ಬರೀ ಮೊದಲನೆಯ ಆಯ್ಕೆ ಎಣಿಸ್ತಾರೆ. ಅದರಲ್ಲಿ ನಿನಗೆ ಏನೂ ಬರದಿದ್ರೆ ನೀನು ಔಟ್. ನಿನ್ನ ಎರಡನೆಯದನ್ನ ಯಾರೂ ಕಣ್ಣೆತ್ತಿ ನೋಡಲ್ಲ. ಲಕ್ಷ ಬಂದ್ರೂ ಅಷ್ಟೇ!"

"ಗೊತ್ತು," ಎಂದ ವರ್ಲಿನ್.

"ಗೊತ್ತಿದ್ದೂ?"

"ಮತ್ತೇನು ಮಾಡ್ಲಿ? ಓಲ್ಸನ್ ತನ್ನ ಸ್ವಂತ ಭಾವಮೈದುನನ ಫಲಕ ಹಾಕ್ಕೊಂಡಿದಾನೆ. ಅವನ ಬಾಗಿಲಲ್ಲಿ ನಿಂತು, ಅವನನ್ನ ಬಿಡು, ನನ್ನನ್ನ ಮೇಲಿಡು ಅನ್ನಕ್ಕಾಗತ್ತಾ? ಅವನ ಮನೇದೇ ಕಾಫಿ ಕುಡೀತಾ?"

"ಎಲ್ಲರೂ ಹಾಗೇ ಕೇಳೋದು ಅಪ್ಪ! ಅದಕ್ಕೇ ಚುನಾವಣೆ ಅನ್ನೋದು!"

"ನನ್ನ ಬಾಯಲ್ಲಿ ಬರಲ್ಲ ಮಗಳೇ. ಮೇಯರ್ ಆಗದಿದ್ರೆ ಪರವಾಗಿಲ್ಲ. ಆದ್ರೆ ಯಾರಾದ್ರೂ ತಾವಾಗೇ ನನ್ನನ್ನ ಮೊದಲು ಇಟ್ಕೊಂಡ್ರೆ..." ಅವನು ನಿಲ್ಲಿಸಿ, ಉಪ್ಪಿನ ಡಬ್ಬಿಯನ್ನು ಅತ್ತಿಂದಿತ್ತ ಸರಿಸಿದ. "ಕೇಳದೆ ಕೊಟ್ರೆ ಅದರ ಬೆಲೆಯೇ ಬೇರೆ."

ಇದು ಅವನು ಇಡೀ ಚುನಾವಣೆಯಲ್ಲಿ ಹೇಳಿದ ಒಂದೇ ಒಂದು ಮನಸ್ಸಿನ ಮಾತು. ಹೇಳುವಾಗ ಅವನು ಆರ್ಡಿಸ್ ಕಡೆ ನೋಡಿದ. ಅವಳು ಎದ್ದು ನೀರು ತರಲು ಹೋದಳು. ಜಗ್ಗು ತುಂಬಿಯೇ ಇತ್ತು.

*

ಯಾಕೆಂದರೆ ಆರ್ಡಿಸ್‌ಗೆ ಬೇರೆಯೇ ಒಂದು ಆಸೆ ಇತ್ತು, ಅದು ಮೇಯರ್ ಗೀಯರ್ ಯಾವುದೂ ಅಲ್ಲ, ಒಂದು ಬಸ್ಸು.

ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಐದೂವರೆಗೆ ಒಲೆ ಹಚ್ಚಬೇಕು. ಕಾರು ಓಡಿಸುತ್ತಿರಲಿಲ್ಲ, ಬಹಳ ಹಿಂದೆ ಒಮ್ಮೆ ಮಂಜಿನ ಮೇಲೆ ಜಾರಿ ಕಂಬಕ್ಕೆ ಗುದ್ದಿದವಳು ಮತ್ತೆ ಸ್ಟೀರಿಂಗ್ ಮುಟ್ಟಿರಲಿಲ್ಲ. ಮನೆಯ ತಿರುವಿನಲ್ಲೇ ಒಂಬತ್ತನೆಯ ನಂಬರ್ ಬಸ್ಸು ಬರುತ್ತಿತ್ತು, ಐದು ಗಂಟೆ ಐದು ನಿಮಿಷಕ್ಕೆ. ಎರಡು ವರ್ಷದ ಹಿಂದೆ ಅದನ್ನು ನಿಲ್ಲಿಸಿದರು. ಅವತ್ತಿನಿಂದ ಅವಳು ನಾಲ್ಕೂವರೆಗೆ ಮನೆ ಬಿಟ್ಟು, ಹನ್ನೊಂದು ಬೀದಿ ದಾಟಿ, ದೊಡ್ಡ ರಸ್ತೆಯ ಬಸ್ಸು ಹಿಡಿಯುತ್ತಿದ್ದಳು. ಹಿಮ ಬಿದ್ದ ದಿನ ವರ್ಲಿನ್ ಎರಡು ಗಂಟೆಗೇ ಲಾರಿ ಹತ್ತಿ ಹೋಗಿರುತ್ತಿದ್ದ. ಬೀಳದ ದಿನ ನಿದ್ದೆಯಲ್ಲಿರುತ್ತಿದ್ದ. ಎಬ್ಬಿಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ನಡೆಯುತ್ತ ನಡೆಯುತ್ತ ಅವಳು ಆ ಬಸ್ಸನ್ನೇ ಕನಸು ಕಾಣುತ್ತಿದ್ದಳು. ಸರೋವರದ ಮೇಲಿಂದ ಕಾವಳ ಎದ್ದು ಮನೆಗಳೆಲ್ಲ ಅರ್ಧ ಅಳಿಸಿಹೋಗಿರುತ್ತಿದ್ದವು. ಆ ಬಿಳುಪಿನೊಳಗಿಂದ ಹಳದಿ ದೀಪ ಹೊತ್ತಿಸಿಕೊಂಡು ಒಂಬತ್ತನೆಯ ನಂಬರ್ ಸದ್ದಿಲ್ಲದೆ ತೇಲಿ ಬರುತ್ತದೆ. ಬಾಗಿಲು ಉಸಿರು ಬಿಟ್ಟಂತೆ ತೆರೆಯುತ್ತದೆ. ಒಳಗೆ ಬೆಚ್ಚಗಿದೆ. ಯಾರೂ ಏನೂ ಕೇಳುವುದಿಲ್ಲ, ಅವಳು ಕಿಟಕಿಗೆ ತಲೆಯಾನಿಸಿ ಕೂರುತ್ತಾಳೆ, ಬಸ್ಸು ಬೀದಿ ಬಿಟ್ಟು ಹೆಪ್ಪುಗಟ್ಟಿದ ಸರೋವರದ ಮೇಲೆಯೇ ಹೋಗುತ್ತದೆ. ಅಷ್ಟರಲ್ಲಿ ಹನ್ನೊಂದನೆಯ ಬೀದಿ ಬಂದಿರುತ್ತಿತ್ತು, ಬೆರಳು ಮರಗಟ್ಟಿರುತ್ತಿದ್ದವು.

ಲೊರೆಟ್ಟಾ ಬೊಲ್ಯೂ ಎಂಬಾಕೆಯೂ ಚುನಾವಣೆಗೆ ನಿಂತಿದ್ದಳು. ಅವಳ ಕರಪತ್ರ ಸೆಪ್ಟೆಂಬರಿನಲ್ಲಿ ಟಪಾಲಿನಲ್ಲಿ ಬಂತು. ಮೂರನೆಯ ಸಾಲಿನಲ್ಲಿ, ಒಂಬತ್ತನೆಯ ನಂಬರ್ ಬಸ್ಸನ್ನು ಮತ್ತೆ ಬಿಡಿಸುತ್ತೇನೆ ಎಂದಿತ್ತು. ಆರ್ಡಿಸ್ ಅದನ್ನು ಮಡಚಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು. ಗಂಡ ಚುನಾವಣೆಗೆ ನಿಂತ ಮನೆಯಲ್ಲಿ ಇನ್ನೊಬ್ಬರ ಕರಪತ್ರ ಬಚ್ಚಿಡುವುದೆಂದರೆ! ಅವಳಿಗೇ ನಗು ಬಂತು, ಆಮೇಲೆ ನಗು ನಿಂತಿತು.

ಹೇಳಬಹುದಿತ್ತಲ್ಲ, ಎನ್ನುತ್ತೀರಿ. ಹೇಳಬಹುದಿತ್ತು. ಆದರೆ ಗಂಡನಿಗೆ ತಾನಾಗೇ ಗೊತ್ತಾಗಲಿ ಎಂದು ಮೊದಲ ಚಳಿಗಾಲ ಕಾದಳು. ಗೊತ್ತಾಗಲಿಲ್ಲ. ಎರಡನೆಯ ಚಳಿಗಾಲ, ಈಗ ಹೇಳಿದರೆ ಆಡಿ ತೋರಿಸಿದ ಹಾಗಾಗುತ್ತದೆ ಎಂದು ಸುಮ್ಮನಾದಳು. ಈಗ ನೋಡಿದರೆ ಅವನು ಊರಿನ ಮನೆಮನೆಗೂ ಹೋಗಿ ನಿಮಗೇನು ಬೇಕು ಎಂದು ಕೇಳುತ್ತಿದ್ದ.

*

ನವೆಂಬರ್ ಮೊದಲ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಓಟು. ಕಾಫಿಯ ವಾಸನೆ, ಒದ್ದೆ ಕೋಟುಗಳ ವಾಸನೆ. ಬೋರ್ಗಿಲ್ಡ್‌ಗೆ ಕುರ್ಚಿ ಹಾಕಿಕೊಟ್ಟರು. ವರ್ಲಿನ್ ಬಾಗಿಲಲ್ಲೇ ಎಲ್ಲರಿಗೂ ದಾರಿ ಬಿಡುತ್ತ ನಿಂತ.

ಆರ್ಡಿಸ್ ಚೀಟಿಯ ಮುಂದೆ ನಿಂತಳು. ಹದಿನೇಳು ಹೆಸರು. ಗಂಡನ ಹೆಸರು ಅಚ್ಚಿನಲ್ಲಿ ನೋಡಿ ಅದರ ಮೇಲೆ ಬೆರಳು ಸವರಿದಳು. ಯಾರೋ ದೊಡ್ಡ ಮನುಷ್ಯನ ಹೆಸರಿನ ಹಾಗಿತ್ತು. ಪೆನ್ನು ಅವನ ಹೆಸರಿನ ಮುಂದಿನ ಮೊದಲ ಆಯ್ಕೆಯ ಖಾಲಿ ವೃತ್ತದ ಮೇಲೆ ನಿಂತಿತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಹಾಕಿಕೊಂಡು ಉಂಡವಳು ಅವಳು. ಇಲ್ಲಿ ಯಾರೂ ನೋಡುತ್ತಿರಲಿಲ್ಲ. 'ಒಂದೇ ಒಂದು ಸಲ' ಎಂದುಕೊಂಡಳು. ಮೊದಲ ಆಯ್ಕೆ ಲೊರೆಟ್ಟಾ ಬೊಲ್ಯೂಗೆ ತುಂಬಿದಳು. ಎರಡನೆಯದು ಗಂಡನಿಗೆ. ಅವನು ಕೇಳಿದ್ದೂ ಅದನ್ನೇ ತಾನೇ?

ಹೊರಗೆ ಬಂದಾಗ ವರ್ಲಿನ್ ಬಾಗಿಲು ಹಿಡಿದು ನಿಂತಿದ್ದ. "ಆಯ್ತಾ?" ಎಂದ, ಮುಖದ ತುಂಬ ನಗು. ಅವಳು ತಲೆ ತಗ್ಗಿಸಿ ಕೈಗವಸು ಹಾಕಿಕೊಂಡಳು.

*

ಎಣಿಕೆ ಮೂರು ದಿನ ನಡೆಯಿತು. ವರ್ಲಿನ್ ಮೊದಲ ಸುತ್ತಿನಲ್ಲೇ ಹೊರಬಿದ್ದ. ಲೊರೆಟ್ಟಾ ಕೊನೆಯ ಸುತ್ತಿನ ತನಕ ಬಂದು ಸ್ವಲ್ಪದರಲ್ಲಿ ಸೋತಳು. ಕ್ವಿಗ್ಲಿಯೇ ಮತ್ತೆ ಮೇಯರ್. ಅಂಗಳವೂ ಇಲ್ಲ, ಬಸ್ಸೂ ಇಲ್ಲ.

ಭಾನುವಾರ ಮಾರಿಟ್ ಬಂದಳು. ಹೊರಗೆ ವರ್ಷದ ಮೊದಲ ಹಿಮ ಬೀಳಲು ಹಿಡಿದಿತ್ತು, ದೊಡ್ಡ ದೊಡ್ಡ ಪಕಳೆಗಳು, ಅವಸರವೇ ಇಲ್ಲ. ಬೋರ್ಗಿಲ್ಡ್ ಬೇಯಿಸಿದ ಲೆಫ್ಸಾ ರೊಟ್ಟಿಗೆ ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತುತ್ತಿದ್ದಳು. ಮಾರಿಟ್ ಫೋನು ತೆಗೆದು ಓದಿದಳು.

"ಅಪ್ಪ, ಇಡೀ ಊರಲ್ಲಿ ನಿನ್ನ ಮೊದಲ ಆಯ್ಕೆ ಅರವತ್ತೊಂದು. ಎರಡನೆಯದು ಎಷ್ಟು ಗೊತ್ತಾ? ಹದಿನೆಂಟು ಸಾವಿರದ ಒಂಬೈನೂರ ನಾಲ್ಕು. ಬೇರೆ ಯಾರಿಗೂ ಅದರ ಅರ್ಧ ಕೂಡ ಇಲ್ಲ!"

ವರ್ಲಿನ್ ನಕ್ಕ. "ನೋಡಿದ್ಯಾ, ಎಲ್ಲರೂ ಮಾತು ಉಳಿಸ್ಕೊಂಡ್ರು. ಒಳ್ಳೇ ಜನ."

"ಒಳ್ಳೇ ಜನ ಅಂತೆ! ತಲೆ ಚಚ್ಕೋಬೇಕು ನಾನು!"

"ನಮ್ಮ ಚರ್ಚಿನ ಪೆಟ್ಟಿಗೇಲಿ ಎಷ್ಟು?" ಎಂದು ಕೇಳಿದಳು ಬೋರ್ಗಿಲ್ಡ್.

ಮಾರಿಟ್ ಬೆರಳು ಆಡಿಸಿದಳು. ಆಮೇಲೆ ಮೆಲ್ಲಗೆ, "ಮೊದಲನೆಯದು... ಒಂದು" ಎಂದಳು.

ವರ್ಲಿನ್ ತಾಯಿಯ ಕಡೆ ನೋಡಿದ. ಈ ಮನೆಯಲ್ಲೇ ಓಟುಗಳು ಮೂರಿದ್ದವು.

"ನನ್ನನ್ನ ನೋಡ್ಬೇಡ," ಎಂದಳು ಬೋರ್ಗಿಲ್ಡ್. "ಎರಡನೆಯದು ಕೊಡಿ ಅಂತ ಮೂರು ತಿಂಗಳು ಬಡ್ಕೊಂಡ್ಯಲ್ಲ, ಎರಡನೆಯದೇ ಕೊಟ್ಟೆ. ಹೆತ್ತವಳು ಮಗನ ಮಾತು ಕೇಳಬಾರದಾ?"

"ಅಪ್ಪ, ಹಂಗಾದ್ರೆ ಆ ಒಂದು ನಿಂದೇ ತಾನೇ?"

ವರ್ಲಿನ್ ಇಲ್ಲವೆಂದು ತಲೆಯಾಡಿಸಿದ. "ನನ್ನ ಹೆಸರನ್ನ ನಾನೇ ಮೊದಲು ಹಾಕ್ಕೊಳಕ್ಕೆ ನಾಚಿಕೆ ಆಯ್ತು. ನಾನೂ ಎರಡನೆಯದೇ ಹಾಕ್ದೆ." ಅವನು ಆರ್ಡಿಸ್ ಕಡೆ ತಿರುಗಿದ. ಕಣ್ಣು ಒದ್ದೆಯಾಗಿತ್ತು. "ಅದು ಯಾರ್ದು ಅಂತ ನನಗೆ ಗೊತ್ತು. ಒಂದೇ ಸಾಕು ಕಣೇ. ನನಗೆ ಅದೇ ಹದಿನೆಂಟು ಸಾವಿರ."

ಆರ್ಡಿಸ್ ಬೆಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಸುಮ್ಮನಿದ್ದರೆ ಮುಗಿಯಿತು, ಅವನು ಸಾಯುವ ತನಕ ಆ ಒಂದನ್ನು ಜೇಬಿನಲ್ಲಿಟ್ಟುಕೊಂಡು ಸುಖವಾಗಿರುತ್ತಾನೆ. ಆದರೆ ಇನ್ನೊಬ್ಬರು ಹಾಕಿದ ಓಟಿಗೆ ಗಂಡನ ಪ್ರೀತಿ ತಾನು ಪಡೆಯುವುದು ಅವಳಿಗೆ ಒಗ್ಗಲಿಲ್ಲ.

"ಅದು ನಾನಲ್ಲ ವರ್ಲಿನ್. ಫರ್ಹಿಯಾ ಇರ್ಬೇಕು. ನಾನು ಎರಡನೆಯದು ಹಾಕ್ದೆ. ಮೊದಲನೆಯದು ಬಸ್ಸಿಗೆ ಹಾಕ್ದೆ."

"ಯಾವ ಬಸ್ಸು?" ಎಂದ ವರ್ಲಿನ್.

ಮಾರಿಟ್ ಫೋನು ಕೆಳಗಿಟ್ಟಳು. ಬೋರ್ಗಿಲ್ಡ್‌ಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಒಂಬತ್ತನೆಯ ನಂಬರ್. ಎರಡು ವರ್ಷ ಆಯ್ತು ನಿಲ್ಲಿಸಿ. ನಾನು ಹನ್ನೊಂದು ಬೀದಿ ನಡ್ಕೊಂಡು ಹೋಗ್ತೀನಿ."

"ಎರಡು ವರ್ಷದಿಂದ?"

"ಎರಡು ಚಳಿಗಾಲ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ," ಎಂದಳು ಆರ್ಡಿಸ್. ಧ್ವನಿ ಏರಲಿಲ್ಲ. "ಊರಿನ ಬಾಗಿಲೆಲ್ಲ ತಟ್ಟಿದೆ. ಏನು ಬೇಕು ಅಂತ ಬರ್ಕೊಂಡೆ. ಇವತ್ತು ನಮ್ಮ ಬಾಗಿಲಿಗೆ ಬರ್ತೀಯ, ನಾಳೆ ಬರ್ತೀಯ ಅಂತ ನಾನೂ ಕಾದೆ."

ಅವತ್ತು ಪಾತ್ರೆ ವರ್ಲಿನ್ನೇ ತೊಳೆದ, ಎರಡೆರಡು ಸಲ.

*

ಸೋಮವಾರ ನಾಲ್ಕೂಕಾಲಿಗೆ ಆರ್ಡಿಸ್ ಅಡುಗೆಮನೆಗೆ ಬಂದರೆ ಅವನು ಬೂಟು ಕಟ್ಟಿಕೊಂಡು ಕೂತಿದ್ದ.

"ಕಾರಲ್ಲಿ ಬಿಡ್ತೀನಿ ಅನ್ಬೇಡ ಈಗ," ಎಂದಳು.

"ಇಲ್ಲ. ನಡ್ಕೊಂಡೇ ಬರ್ತೀನಿ. ನೋಡ್ಬೇಕು."

ರಾತ್ರಿಯಿಡೀ ಹಿಮ ಬಿದ್ದು ನಿಂತಿತ್ತು. ಬೀದಿ ದೀಪಗಳ ಸುತ್ತ ಹಾಲಿನಂಥ ಬೆಳಕು. ಮನೆಗಳು, ಮರಗಳು, ನಿಂತ ಕಾರುಗಳು ಎಲ್ಲ ಒಂದೇ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದವು. ಅವರ ಹೆಜ್ಜೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಬ್ಬರೂ ಈ ಹೊತ್ತಿನಲ್ಲಿ ಜೊತೆಯಾಗಿ ನಡೆದು ಎಷ್ಟೋ ಕಾಲವಾಗಿತ್ತು. ಆರ್ಡಿಸ್‌ಗೆ ಇದೂ ತನ್ನ ಬಸ್ಸಿನಂಥ ಒಂದು ಕನಸೇನೋ ಅನ್ನಿಸಿತು.

ಮೊದಲ ತಿರುವಿಗೆ ಬಂದರು. ರಸ್ತೆ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ಲಾರಿ ಆಗಲೇ ಹೋಗಿತ್ತು. ಅದು ತಳ್ಳಿದ ಹಿಮವೆಲ್ಲ ಕಾಲುದಾರಿಯ ಬಾಯಿಗೆ ಅಡ್ಡಲಾಗಿ ದಿಣ್ಣೆಯಾಗಿ ಬಿದ್ದಿತ್ತು, ಗಟ್ಟಿ ಗಟ್ಟಿ ಹೆಂಟೆಗಳು. ಆರ್ಡಿಸ್ ಚೀಲವನ್ನು ಹೆಗಲಿಗೇರಿಸಿ, ಒಂದು ಕೈ ಊರಿ, ಮಂಡಿ ಮೇಲಿಟ್ಟು ಹತ್ತಲು ಹೊರಟಳು. ಎಷ್ಟು ಸಲ ಹತ್ತಿದ್ದಳೋ, ಮೈಗೆ ರೂಢಿಯಾಗಿತ್ತು.

"ಏನಿದು?" ಎಂದ ವರ್ಲಿನ್. "ಯಾವನೋ ಹೊಸಬ ಓಡಿಸಿದಾನೆ. ಹಿಂಗಾ ಬಿಡೋದು?"

"ಇದೇ ವಾಸಿ. ಹೋದ ವರ್ಷ ಇನ್ನೂ ಎತ್ತರ ಇರ್ತಿತ್ತು. ಸೊಂಟದ ತನಕ. ಗೋಡೆ ಕಟ್ಟಿದ ಹಾಗೆ ನೇರ."

ವರ್ಲಿನ್ ತಿರುವಿನಲ್ಲಿದ್ದ ಬೀದಿ ಹೆಸರಿನ ಕಂಬ ನೋಡಿದ. ಮೂವತ್ತೆಂಟನೆಯ ಅವೆನ್ಯೂ. ಮೂವತ್ತಮೂರು ವರ್ಷ ಅವನದೇ ದಾರಿ. ಎತ್ತರದ ಕ್ಯಾಬಿನ್ನಿನಲ್ಲಿ ಬೆಚ್ಚಗೆ ಕೂತು, ಒಂದೇ ಏಟಿಗೆ ಒಂದೇ ಗೆರೆ, ಊರಲ್ಲಿ ಅಷ್ಟು ಚೊಕ್ಕವಾಗಿ ಗುಡಿಸುವವನು ಇನ್ನೊಬ್ಬನಿಲ್ಲ ಎಂದು ಹೆಸರಾಗಿದ್ದವನು.

"ನಂದು," ಎಂದ.

"ನಿಂದೇ. ನಿನ್ನ ಕೈ ನನಗೆ ಗೊತ್ತಾಗ್ತಿತ್ತು. ಹತ್ತುವಾಗ ಬಾಯಿಗೆ ಬಂದ ಹಾಗೆ ಬೈತಿದ್ದೆ. ಆಚೆ ಇಳಿದ ಮೇಲೆ, ಸದ್ಯ, ವರ್ಲಿನ್ ಇಲ್ಲಿ ತನಕ ಬಂದು ಹೋಗಿದಾನೆ, ಕ್ಷೇಮವಾಗಿದಾನೆ ಅನ್ಕೋತಿದ್ದೆ."

ಅವನು ಅಲ್ಲೇ ಮಂಡಿಯೂರಿ ಕೂತ. ಹೆಂಟೆಗಳನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕೆ ಹಾಕತೊಡಗಿದ, ಬೂಟಿನಲ್ಲಿ ಒದ್ದ, ಮೊಣಕೈಯಲ್ಲಿ ತಳ್ಳಿದ. ಅರವತ್ತೊಂದು ವರ್ಷದ ಮನುಷ್ಯ, ಬಾಯಿಂದ ಹೊಗೆ ಬಿಡುತ್ತ, ಅಳುತ್ತಿದ್ದನೋ ಏದುತ್ತಿದ್ದನೋ ತಿಳಿಯುವಂತಿರಲಿಲ್ಲ.

"ಬಿಡು ಮಾರಾಯ, ಹತ್ತಿ ಹೋಗ್ತೀನಿ. ಬಸ್ಸು ತಪ್ಪತ್ತೆ."

"ತಪ್ಪಲ್ಲ. ನಿಲ್ಲು ಸ್ವಲ್ಪ."

ಒಬ್ಬರು ನಡೆಯುವಷ್ಟು ದಾರಿಯಾಯಿತು. ಆರ್ಡಿಸ್ ಅದರೊಳಗಿಂದ ಕೈ ಊರದೆ, ಮಂಡಿ ಎತ್ತದೆ, ನೇರವಾಗಿ ನಡೆದು ಆಚೆ ಹೋದಳು. ಅಲ್ಲಿಂದ ತಿರುಗಿ ಅವನಿಗೆ ಕೈ ಕೊಟ್ಟು ಎಬ್ಬಿಸಿದಳು. ಅವನ ಕೈಗವಸು ಪೂರ್ತಿ ಒದ್ದೆಯಾಗಿತ್ತು.

"ಇನ್ನೂ ಹತ್ತು ಇವೆ," ಎಂದಳು.

"ಇರಲಿ," ಎಂದು ಅವನು ಮುಂದೆ ನಡೆದ.